ಪಂಕ್ತಿಯ ಕೊನೆಯ ಎರಡು ಎಲೆಗಳು

ನಮ್ಮ ಕಡೆ ಮದುವೆಯಾಗಲಿ, ಜಾತ್ರೆಯಾಗಲಿ, ಶಿವಗಣಾರಾಧನೆಯಾಗಲಿ ಮುಗಿದ ಮರುದಿನ ಊರವರು ಪರಸ್ಪರ ಕೇಳುವ ಮೊದಲ ಪ್ರಶ್ನೆ, "ಎಷ್ಟು ಎಲಿ ಬಿದ್ದೂ?" ಎಂಬುದು. ಮಂದಿ ಎಷ್ಟು ಬಂದಿದ್ದರು ಎಂದು ಕೇಳುವವರು ಕಡಿಮೆ. ಬಂದವರಲ್ಲಿ ಕೆಲವರು ಅಕ್ಷತೆ ಹಾಕಿ ಹೊರಟುಹೋಗಿರುತ್ತಾರೆ, ಕೆಲವರು ಎರಡು ಸಲ ಎಣಿಕೆಗೆ ಸಿಕ್ಕಿರುತ್ತಾರೆ. ಉಂಡೆದ್ದ ಎಲೆ ಮಾತ್ರ ಸುಳ್ಳು ಹೇಳುವುದಿಲ್ಲ. ಕುಬಿಹಾಳದಲ್ಲಿ ಹುಟ್ಟಿ ಬೆಳೆದು, ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಕಲಿಸಿ, ನಿವೃತ್ತರಾದ ಮೇಲೆ ಮತ್ತೆ ಊರಿನ ಹಿರಿಯರ ಮನೆಯಲ್ಲಿಯೇ ನೆಲೆಸಿರುವ ನಮಗೆ ಈ ಎಲೆಯ ಲೆಕ್ಕದ ಮೇಲೆ ಚಿಕ್ಕಂದಿನಿಂದಲೂ ಒಂದು ಮೋಹ. ಆ ಮೋಹವೇ 2024ರಲ್ಲಿ ನಮ್ಮಿಂದ ಒಂದು ತಪ್ಪನ್ನು ಮಾಡಿಸಿತು. ಅದನ್ನು ಈ ಪತ್ರಿಕೆಯ ಬಂಧುಗಳ ಮುಂದೆ ಹೇಳಿಕೊಳ್ಳಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆವು.

ನಮ್ಮ ತಂಗಿಯ ಮಗ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಒಂದು ಶಾಕಾಹಾರಿ ಊಟದ ಹೋಟೆಲನ್ನು ತೆರೆದಿದ್ದಾನೆ. ಹೆಸರು ಹೇಳುವುದು ಬೇಡ, ಇದು ಜಾಹೀರಾತಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ವಾರಕ್ಕೊಮ್ಮೆ ಗೋದಿ ಹುಗ್ಗಿ ದೊರೆಯುವ ಈ ಸ್ಥಳಕ್ಕೆ ರವಿವಾರ ಮತ್ತು ಎರಡನೆಯ ಶನಿವಾರ ಕುಟುಂಬ ಸಮೇತ ಬರುವವರು ಬಹಳ. ಹೀಗಾಗಿ ಫೋನಿನ ಮೂಲಕ ಮುಂಗಡವಾಗಿ ಮೇಜು ಕಾಯ್ದಿರಿಸುವ ಏರ್ಪಾಡು ಮಾಡಿದ. ಅದಕ್ಕೆಂದು ತರಿಸಿದ ಕಂಪ್ಯೂಟರಿನ ತಂತ್ರಾಂಶ ಮೊದಲು ಕೇಳುವುದು ನಾಲ್ಕೇ ಸಂಗತಿ: ಮೇಜಿನ ಸಂಖ್ಯೆ ಎಷ್ಟು, ಅದಕ್ಕೆ ಕನಿಷ್ಠ ಎಷ್ಟು ಮಂದಿ, ಗರಿಷ್ಠ ಎಷ್ಟು ಮಂದಿ, ಪಕ್ಕದ ಯಾವ ಮೇಜಿನೊಡನೆ ಅದನ್ನು ಕೂಡಿಸಬಹುದು. ಇಷ್ಟನ್ನು ತುಂಬಿಕೊಟ್ಟರೆ ಯಾರಿಗೆ ಯಾವ ಮೇಜು ಎಂಬುದನ್ನು ಅದೇ ನಿರ್ಧರಿಸುತ್ತದೆ. ಬಾಗಿಲಲ್ಲಿ ನಿಂತ ಹುಡುಗ ಅದು ಹೇಳಿದಂತೆ ಮಾಡಿದರೆ ಸಾಕು.

"ಮಾಮಾ, ನೀವು ಲೆಕ್ಕದ ಮಾಸ್ತರು. ಯಾವ ಟೇಬಲ್ಲಿಗೆ ಕಡಿಮಿ ಅಂದ್ರ ಎಷ್ಟು ಮಂದಿ, ಹೆಚ್ಚು ಅಂದ್ರ ಎಷ್ಟು ಮಂದಿ ಅಂತ ನೀವ ಬರದು ಕೊಡ್ರಿ. ನಾ ಕಂಪ್ಯೂಟರಿಗೆ ಹಾಕತೀನಿ" ಎಂದು ಅಳಿಯ ನಮ್ಮನ್ನು ಕರೆಸಿಕೊಂಡ. ನಿವೃತ್ತರಾದವರನ್ನು ಯಾರಾದರೂ ಅವರ ವಿದ್ಯೆಗಾಗಿ ಕರೆದರೆ ಆಗುವ ಸಂತೋಷವನ್ನು ನಿವೃತ್ತರಾದವರೇ ಬಲ್ಲರು. ಅಳತೆಯ ಟೇಪು ಹಿಡಿದು ಒಂದು ಇಡೀ ಮಧ್ಯಾಹ್ನ ಮೇಜುಗಳ ನಡುವೆ ಓಡಾಡಿದೆವು.

ಕುರ್ಚಿಗಳನ್ನು ಎಣಿಸಿದರೆ ಮುಗಿಯಿತು, ಇದರಲ್ಲಿ ಲೆಕ್ಕವೇನು ಬಂತು ಎಂದು ಕೆಲವರಿಗೆ ಅನ್ನಿಸಬಹುದು. ಹಾಗಲ್ಲ. ಒಬ್ಬ ಮನುಷ್ಯ ಮೊಣಕೈ ತಾಗಿಸದೆ ಉಣ್ಣಲು ಮೇಜಿನ ಅಂಚಿನಲ್ಲಿ ಸುಮಾರು 2 ಅಡಿ ಬೇಕು. ಮೇಜಿನ ಕಾಲು ಮೊಣಕಾಲಿಗೆ ತಗಲುವಲ್ಲಿ ಕುರ್ಚಿ ಇಟ್ಟಿದ್ದರೂ ಅದನ್ನು ಕುರ್ಚಿಯೆಂದು ಎಣಿಸಲಾಗದು. ನಾಲ್ಕು ಕಡೆಗೆ ಒಬ್ಬೊಬ್ಬರಂತೆ ಕೂಡುವ ಎರಡು ಚೌಕ ಮೇಜುಗಳನ್ನು ಜೋಡಿಸಿದರೆ ಎಂಟು ಮಂದಿ ಕೂಡಬಹುದೆಂದು ಎಲ್ಲರೂ ಹೇಳುತ್ತಾರೆ. ಕೂಡುವುದು ಆರೇ ಮಂದಿ. ಜೋಡಿಸಿದ ಕಡೆಯ ಎರಡು ಬದಿಗಳು ಒಂದಕ್ಕೊಂದು ಅಂಟಿಕೊಂಡು ಹೋಗಿರುತ್ತವೆ. ಮೂರು ಜೋಡಿಸಿದರೆ ಹನ್ನೆರಡಲ್ಲ, ಎಂಟು. ದುಂಡು ಮೇಜಿನದು ಇನ್ನೊಂದು ಬಗೆ. 4 ಅಡಿ ವ್ಯಾಸದ ಮೇಜಿನ ಸುತ್ತಳತೆ ಹನ್ನೆರಡೂವರೆ ಅಡಿ, ಅಂದರೆ ಆರು ಮಂದಿ. 5 ಅಡಿಯದಾದರೆ ಹೆಚ್ಚು ಕಡಿಮೆ ಹದಿನಾರು ಅಡಿ, ಎಂಟು ಮಂದಿ. ವ್ಯಾಸಕ್ಕೆ ಒಂದು ಅಡಿ ಕೂಡಿಸಿದರೆ ಇಬ್ಬರು ನೆಂಟರಿಗೆ ಜಾಗವಾಗುತ್ತದೆ ಎಂಬ ಈ ಉದಾಹರಣೆ ನಮಗೆ ಶಾಲೆಯಲ್ಲಿದ್ದಾಗ ಹೊಳೆದಿದ್ದರೆ ಎಷ್ಟೋ ಮಕ್ಕಳಿಗೆ ವೃತ್ತದ ಪಾಠ ಸುಲಭವಾಗುತ್ತಿತ್ತು.

ಅಳಿಯನ ಹೋಟೆಲಿನಲ್ಲಿ ಇದ್ದವು 14 ಮೇಜುಗಳು. ಇಬ್ಬರು ಕೂಡುವವು 4, ನಾಲ್ವರವು 7, ಆರು ಮಂದಿಯವು 2, ಎಂಟು ಮಂದಿಯ ದುಂಡು ಮೇಜು ಒಂದು. ಒಟ್ಟು 56 ಕುರ್ಚಿಗಳು. ಗರಿಷ್ಠದ ಲೆಕ್ಕ ಮುಗಿದ ಮೇಲೆ ಕನಿಷ್ಠದ ಲೆಕ್ಕಕ್ಕೆ ಬಂದೆವು. ರವಿವಾರ ಮಧ್ಯಾಹ್ನ ನಾಲ್ವರ ಮೇಜಿನಲ್ಲಿ ಒಬ್ಬರು ಕುಳಿತರೆ ಮೂರು ಕುರ್ಚಿಗಳು ಮುಕ್ಕಾಲು ತಾಸಿನಿಂದ ಒಂದು ತಾಸಿನವರೆಗೆ ಬರಿದಾಗಿ ನಿಲ್ಲುತ್ತವೆ. ಬಾಡಿಗೆ, ಅಡುಗೆಯವರ ಪಗಾರ, ವಿದ್ಯುತ್ತು ಎಲ್ಲವೂ ಆ ಮೂರು ಕುರ್ಚಿಗಳಿಗೂ ತಗಲುತ್ತಲೇ ಇರುತ್ತವೆ. ಆದುದರಿಂದ ನಾವು ಬರೆದುಕೊಟ್ಟ ಪಟ್ಟಿ ಹೀಗಿತ್ತು: ಇಬ್ಬರ ಮೇಜಿಗೆ 1ರಿಂದ 2, ನಾಲ್ವರ ಮೇಜಿಗೆ 3ರಿಂದ 4, ಆರು ಮಂದಿಯದಕ್ಕೆ 5ರಿಂದ 6, ದುಂಡು ಮೇಜಿಗೆ 7ರಿಂದ 8. ಯಾವ ಮೇಜಿನಲ್ಲಿಯೂ ಒಂದಕ್ಕಿಂತ ಹೆಚ್ಚು ಕುರ್ಚಿ ವ್ಯರ್ಥವಾಗದು. ಒಂದರಿಂದ ಎಂಟರವರೆಗಿನ ಯಾವ ಸಂಖ್ಯೆಯೂ ತಪ್ಪಿಹೋಗದು. ಬಿಳಿಯ ಹಾಳೆಯ ಮೇಲೆ ಅದು ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಅಳಿಯನಿಗೆ ಕೊಡುವ ಮುನ್ನ ಅದನ್ನು ಎರಡು ಸಲ ಓದಿಕೊಂಡೆವು.

ಈಗ ನಾವು ಇನ್ನೊಬ್ಬ ಲೆಕ್ಕಿಗರ ವಿಷಯ ಹೇಳಬೇಕು. ನಮ್ಮೂರಿನಲ್ಲಿ ನಾವೆಲ್ಲ ಕಾಕಾ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ಈಗ ಅವರಿಗೆ ಎಂಬತ್ತು ದಾಟಿದೆ. ಎರಡನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟವರು. ಆದರೆ ನಾಲ್ಕು ದಶಕಗಳ ಕಾಲ ನಮ್ಮ ಓಣಿಯ ಯಾವ ಮನೆಯಲ್ಲಿ ಕಾರ್ಯವಾದರೂ ಪಂಕ್ತಿ ಹೂಡುವ ಕೆಲಸ ಅವರದೇ. ಚಪ್ಪರ ಹಾಕಿದ ಕೂಡಲೇ ಒಂದು ಸಲ ಆ ತುದಿಯಿಂದ ಈ ತುದಿಗೆ ನಡೆದು, ಒಂದು ಪಂಕ್ತಿಗೆ ಇಷ್ಟು ಎಲೆ ಎಂದು ಹೇಳಿಬಿಡುತ್ತಿದ್ದರು. ಅವರ ಅಳತೆ ಮೊಳ ಮತ್ತು ಬೆರಳು. ಚಕ್ಕಳಬಕ್ಕಳ ಹಾಕಿ ಕೂಡುವ ಒಬ್ಬರಿಗೆ ಒಂದು ಮೊಳ ಎಂಟು ಬೆರಳು. ಮೊಳವೆಂದರೆ 18 ಅಂಗುಲ, ಎಂಟು ಬೆರಳೆಂದರೆ 6. ಕೂಡಿಸಿದರೆ ಸರಿಯಾಗಿ 2 ಅಡಿ. ಮೇಜಿನ ಅಂಚಿಗೆ ನಾವು ಟೇಪು ಹಿಡಿದು ಕಂಡುಕೊಂಡದ್ದನ್ನು ಅವರು ಮೊಣಕೈಯಲ್ಲಿಯೇ ಇಟ್ಟುಕೊಂಡಿದ್ದರು. ಮೊಣಕಾಲು ನೋವಿನ ಮುದುಕರಿಗೆ, ಮಡಿಲಲ್ಲಿ ಕೂಸಿರುವ ಹೆಣ್ಣುಮಕ್ಕಳಿಗೆ ಇನ್ನೊಂದು ಗೇಣು ಬಿಡುತ್ತಿದ್ದರು.

1987ರ ಬೇಸಿಗೆಯಲ್ಲಿ ನಮ್ಮ ತಂಗಿಯ ಮದುವೆ. ಮನೆಯ ಮುಂದೆ 60 ಅಡಿ ಉದ್ದದ ಚಪ್ಪರ. ನಾವು ಆಗಷ್ಟೇ ಮಾಸ್ತರರಾಗಿದ್ದೆವು, ಲೆಕ್ಕದ ಹುರುಪು ಬಹಳ. ಒಂದು ಸಾಲಿಗೆ 30 ಎಲೆಯಂತೆ ನಾಲ್ಕು ಸಾಲಿಗೆ 120 ಎಂದು ನಾವು ಹೇಳಿದರೆ, ಕಾಕಾ ಸಾಲಿಗೆ 28ರಂತೆ 112 ಎಲೆಗಳನ್ನೇ ಹಾಕಿಸಿದರು. ಐದು ಪಂಕ್ತಿಗಳೆಂದು ಹಿಡಿದರೂ ನಲವತ್ತು ಮಂದಿ ಹಿಂದೆ ಉಳಿಯುತ್ತಾರಲ್ಲ ಎಂದು ವಾದಿಸಿದೆವು. ಅವರು ಹೆಗಲ ಮೇಲಿನ ವಲ್ಲಿಯಿಂದ ಬೆವರು ಒರೆಸಿಕೊಳ್ಳುತ್ತ, "ಕಡೀಗೆ ಎರಡು ಜಾಗ ಇರಲಿ ತಗೋ ತಮ್ಮಾ" ಎಂದು ಹೇಳಿ ಹುಗ್ಗಿಯ ಹಂಡೆಯ ಕಡೆ ನಡೆದುಬಿಟ್ಟರು. ನೀಡುವವರು ಬುಟ್ಟಿ ಹಿಡಿದು ತಿರುಗಲು ತೆರವು ಬೇಕೆಂದು ಬಿಟ್ಟಿರಬೇಕೆಂದು ನಾವು ತಿಳಿದುಕೊಂಡೆವು. ಮೂವತ್ತೇಳು ವರ್ಷ ಹಾಗೆಯೇ ತಿಳಿದುಕೊಂಡಿದ್ದೆವು.

ಪಂಕ್ತಿ ಎಂಬುದು ನಮ್ಮ ಸಮಾಜದವರಿಗೆ ಬರಿಯ ಸಾಲಲ್ಲ ಎಂಬುದನ್ನು ಓದುಗರಿಗೆ ನಾವು ಹೇಳಬೇಕಾಗಿಲ್ಲ. ಎಲ್ಲರೂ ಕೂಡಿ ಕೂಡುವುದು, ಎಲ್ಲರಿಗೂ ನೀಡಿಯಾದ ಮೇಲೆ ಕೂಡಿ ಆರಂಭಿಸುವುದು, ಕೊನೆಯವರು ಮುಗಿಸುವವರೆಗೆ ಮೊದಲಿನವರು ಏಳದೆ ಇರುವುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಬೇರೆ ಬೇರೆ ಕಾಯಕದವರನ್ನು ಒಂದೇ ಸಾಲಿನಲ್ಲಿ ಕೂಡಿಸಿ ದಾಸೋಹ ನಡೆಸಿದ್ದು ಆ ಕಾಲಕ್ಕೆ ಎಂಥ ಧೈರ್ಯದ ಕಾರ್ಯವೆಂಬುದು ಊಟಕ್ಕೆ ಕುಳಿತಾಗ ನಮಗೆ ನೆನಪಾಗುವುದೇ ಇಲ್ಲ. ಪಂಜಾಬದ ಗುರುದ್ವಾರಗಳ ಲಂಗರಿನಲ್ಲಿ ಹೀಗೆಯೇ ನೆಲದ ಮೇಲೆ ಸಾಲಾಗಿ ಕೂಡುವುದಕ್ಕೆ 'ಪಂಗತ್' ಎನ್ನುತ್ತಾರೆ. ನಮ್ಮ ಹಳ್ಳಿಯ ಮುದುಕರು 'ಪಂಗತಿ' ಎನ್ನುವುದೂ ಅದೇ ಶಬ್ದವನ್ನು. ಅಲ್ಲಿಯೂ ಅದು ಮೇಲುಕೀಳನ್ನು ಅಳಿಸುವುದಕ್ಕಾಗಿಯೇ ಹುಟ್ಟಿದ್ದು.

ಆದರೆ ಸತ್ಯವನ್ನು ಮರೆಮಾಚಬಾರದು. ನಮ್ಮ ಬಾಲ್ಯದಲ್ಲಿ ಇದೇ ಊರುಗಳಲ್ಲಿ ಚಪ್ಪರದ ಒಳಗೆ ಕೂಡುವವರು ಬೇರೆ, ಹೊರಗೆ ಕೂಡುವವರು ಬೇರೆ ಇದ್ದರು. ಹೊಲದಲ್ಲಿ ದುಡಿಯುವವರ ಪಂಕ್ತಿ ಎಲ್ಲರದೂ ಆದ ಮೇಲೆ. ಮನೆಯ ಹೆಣ್ಣುಮಕ್ಕಳದು ಅದಕ್ಕೂ ಆಮೇಲೆ, ಹುಗ್ಗಿ ಹಂಡೆಯ ತಳಕ್ಕೆ ಹತ್ತಿದ ಮೇಲೆ. ನಮ್ಮ ತಾಯಿಯವರು ಕಾರ್ಯದ ಮನೆಯಲ್ಲಿ ಬಿಸಿ ಹುಗ್ಗಿ ಉಂಡದ್ದನ್ನು ನಾವು ನೋಡಿದ ನೆನಪಿಲ್ಲ. ಸಾಲಿನಲ್ಲಿ ಎಷ್ಟು ಮಂದಿಗೆ ಜಾಗ ಎಂಬ ಲೆಕ್ಕ ನಾವು ಮಾಡುತ್ತಿದ್ದೆವು. ಯಾರಿಗೆ ಜಾಗ ಎಂಬ ಲೆಕ್ಕವನ್ನು ಯಾರೋ ಮೊದಲೇ ಮಾಡಿಟ್ಟಿರುತ್ತಿದ್ದರು.

ಮೇಜಿನ ಕಥೆ ಬೇರೆ ಕಡೆಯಿಂದ ಬಂದದ್ದು. ಯುರೋಪಿನಲ್ಲಿಯೂ ಹಿಂದೆ ಛತ್ರಗಳಂಥ ವಸತಿಗೃಹಗಳಲ್ಲಿ ನಿಗದಿತ ಹೊತ್ತಿಗೆ ಒಂದೇ ಉದ್ದನೆಯ ಮೇಜಿಗೆ ಎಲ್ಲರೂ ಕೂಡಿ ಕುಳಿತು, ಇದ್ದದ್ದನ್ನು ಹಂಚಿಕೊಂಡು ಉಣ್ಣುತ್ತಿದ್ದರು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ ನಗರದಲ್ಲಿ ರೆಸ್ಟೋರೆಂಟುಗಳು ಹುಟ್ಟಿದಾಗ, ಬಂದವರಿಗೆ ಬೇರೆ ಬೇರೆ ಚಿಕ್ಕ ಮೇಜು, ಬೇಕಾದ ಹೊತ್ತಿಗೆ ಬೇಕಾದ ತಿನಿಸು ಎಂಬ ಹೊಸ ಪದ್ಧತಿ ಬಂತು. ಅದು ಜನರಿಗೆ ಹಿಡಿಸಿತು. ಗುರುತಿಲ್ಲದವರ ಮೊಣಕೈ ತಗಲದೆ, ತನ್ನವರೊಡನೆ ಮಾತಾಡುತ್ತ ಉಣ್ಣುವುದು ಯಾರಿಗೆ ಬೇಡ? ಆದರೆ ಮೇಜು ಬೇರೆಯಾದ ದಿನವೇ ಪ್ರತಿ ಮೇಜಿಗೂ ಒಂದು ಸಂಖ್ಯೆ ಅಂಟಿಕೊಂಡಿತು.

ನಮ್ಮ ಹುಬ್ಬಳ್ಳಿ-ಧಾರವಾಡದ ಖಾನಾವಳಿಗಳು ಈ ಎರಡರ ನಡುವಿನವು. ಎಪ್ಪತ್ತರ ದಶಕದಲ್ಲಿ ನಾವು ಧಾರವಾಡದಲ್ಲಿ ಓದುತ್ತಿದ್ದಾಗ ತಿಂಗಳಿಗಿಷ್ಟೆಂದು ಕೊಟ್ಟು ಖಾನಾವಳಿಯಲ್ಲಿ ಉಣ್ಣುತ್ತಿದ್ದೆವು. ಅಲ್ಲಿ ಮೇಜೂ ಇತ್ತು, ಬಾಕೂ ಇತ್ತು. ಆದರೆ "ಎಷ್ಟು ಮಂದಿ ಇದ್ದೀರಿ?" ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲಿ ತೆರವಿದೆಯೋ ಅಲ್ಲಿ ಕೂಡುವುದು. ಎದುರಿಗೆ ಮೊಕದ್ದಮೆಗೆ ಬಂದ ರೈತ, ಮಗ್ಗುಲಿಗೆ ಕಾಲೇಜಿನ ಹುಡುಗ, ಆಚೆ ಕಡೆ ಕಾರಕೂನ. "ಸ್ವಲ್ಪ ಸರೀರಿ" ಎಂಬ ಒಂದು ಮಾತಿನಿಂದ ನಾಲ್ವರ ಬಾಕಿನಲ್ಲಿ ಐದನೆಯವರಿಗೆ ಜಾಗವಾಗುತ್ತಿತ್ತು. ಆ ಬಾಕಿಗೆ ಗರಿಷ್ಠ ಎಷ್ಟು ಎಂಬುದನ್ನು ಕುಳಿತವರ ಮನಸ್ಸು ನಿರ್ಧರಿಸುತ್ತಿತ್ತು.

ಕೂಡುವ ಜಾಗಕ್ಕೆ ಸರಕಾರವೂ ಲೆಕ್ಕ ಹಾಕಬಹುದೆಂಬುದು ಸಾಮಾನ್ಯ ಜನರಿಗೆ ಗೊತ್ತಾದದ್ದು ಕೊರೋನಾದ ಕಾಲದಲ್ಲಿ. 2020ರ ಜೂನ್ ತಿಂಗಳಲ್ಲಿ ಹೋಟೆಲುಗಳು ಮತ್ತೆ ತೆರೆದಾಗ ಇದ್ದ ಆಸನಗಳಲ್ಲಿ ಅರ್ಧದಷ್ಟನ್ನೇ ತುಂಬಬೇಕೆಂಬ ಕಟ್ಟಳೆಯಿತ್ತು, ಮದುವೆಗೆ ಐವತ್ತೇ ಮಂದಿ. ಆ ವರ್ಷ ನಮ್ಮೂರಿನಲ್ಲಿ ನಡೆದ ಒಂದು ಮದುವೆಯಲ್ಲಿ ಕಾಕಾ ಎಲೆಯಿಂದ ಎಲೆಗೆ ಎರಡು ಮೊಳ ಬಿಟ್ಟು ಹಾಕಿ, ಆ ಸಾಲನ್ನು ನೋಡಲಾರದೆ ಉಣ್ಣದೆ ಮನೆಗೆ ಹೋದರೆಂದು ಕೇಳಿದ್ದೇವೆ.

ಇಷ್ಟೆಲ್ಲ ಹೇಳಿ ನಮ್ಮ ತಪ್ಪಿನ ಸಂಗತಿಯನ್ನು ಮುಂದೂಡುತ್ತಿದ್ದೇವೆಂದು ಓದುಗರು ಗುರುತಿಸಿರಬಹುದು. ನಿಜ.

ಹೋಟೆಲಿನ ಪ್ರಾರಂಭೋತ್ಸವಕ್ಕೆ ಊರಿನ ಹಿರಿಯರನ್ನು ಕರೆದಾಗ ಅಳಿಯ ಕಾಕಾರಿಗೆ, "ಅಜ್ಜಾರ, ಹುಬ್ಬಳ್ಳಿಗೆ ಬಂದ್ರ ನೀವು ಇಲ್ಲೇ ಉಣಬೇಕು, ಮತ್ತೆಲ್ಲೂ ಹೋಗಬಾರದು" ಎಂದು ಕೈಮುಗಿದು ಹೇಳಿದ್ದ. ಕಾಕಾ ಆ ಮಾತನ್ನು ನೆನಪಿಟ್ಟುಕೊಂಡಿದ್ದರು. 2024ರ ಮಳೆಗಾಲದ ಒಂದು ಎರಡನೆಯ ಶನಿವಾರ, ಕಣ್ಣಿನ ಪೊರೆ ತೋರಿಸಲೆಂದು ಒಬ್ಬರೇ ಹುಬ್ಬಳ್ಳಿಗೆ ಹೋದವರು, ಮಧ್ಯಾಹ್ನ ಒಂದರ ಸುಮಾರಿಗೆ ಹೋಟೆಲಿನ ಬಾಗಿಲಿಗೆ ಬಂದರು. ಅಳಿಯ ಆಗ ಅಲ್ಲಿರಲಿಲ್ಲ. ಬಾಗಿಲಲ್ಲಿದ್ದ ಹುಡುಗ ಕೆಲಸಕ್ಕೆ ಸೇರಿ ಹದಿನೈದು ದಿನವಾಗಿತ್ತು.

"ಎಷ್ಟು ಮಂದಿ ಅದೀರಿ?"

"ಒಬ್ಬನ ಅದೀನಪಾ."

ಹುಡುಗ ಯಂತ್ರವನ್ನು ನೋಡಿದ. ಒಬ್ಬರಿಗೆ ಎಂದಾಗ ಅದು ತೋರಿಸುವುದು ಇಬ್ಬರ ಮೇಜುಗಳನ್ನು ಮಾತ್ರ, ನಾಲ್ಕೂ ತುಂಬಿದ್ದವು. ನಲವತ್ತು ನಿಮಿಷ ಕಾಯಬೇಕೆಂದ. ಕಾಕಾ ಗಾಜಿನಾಚೆ ನೋಡಿದರು. ನಾಲ್ವರ ಒಂದು ಮೇಜು ಬರಿದಾಗಿತ್ತು, ಅದರ ಹಿಂದಿನದೂ ಬರಿದಾಗಿತ್ತು. ಕೈಮಾಡಿ ತೋರಿಸಿದರು. "ಅದು ಮೂರು ಮಂದಿ ಇದ್ರ ಕೊಡತೇವ್ರಿ ಅಜ್ಜಾರ" ಎಂದು ಹುಡುಗ ವಿನಯದಿಂದಲೇ ಹೇಳಿದ. ಕಾಕಾರಿಗೆ ಊರಿಗೆ ಮರಳುವ ಬಸ್ಸಿನ ವೇಳೆಯಾಗುತ್ತಿತ್ತು. "ಆಗಲಿ ತಮ್ಮಾ" ಎಂದು ಹೇಳಿ, ನಿಲ್ದಾಣಕ್ಕೆ ಬಂದು ಎರಡು ಬಾಳೆಹಣ್ಣು ತಿಂದು ಬಸ್ಸು ಹತ್ತಿದರು.

ಇದನ್ನು ಅವರು ನಮ್ಮ ಮುಂದೆ ಹೇಳಿದ್ದು ಒಂದು ವಾರದ ಮೇಲೆ, ಕಟ್ಟೆಯ ಮೇಲೆ ಕುಳಿತಾಗ. ದೂರೆಂದು ಹೇಳಲಿಲ್ಲ, ಪಟ್ಟಣದ ಒಂದು ಸೋಜಿಗವೆಂದು ಹೇಳಿದರು. "ಏನ್ ಚಂದ ಐತ್ರಿ ಮಾಸ್ತರ ನಿಮ್ಮ ಅಳಿಯಾಂದು! ಥಣ್ಣಗ ಗಾಳಿ, ಗಾಜಿನ ಬಾಗಲಾ. ಖುರ್ಚಿ ಎಂಟು ಖಾಲಿ ಇದ್ದೂ, ಆದರ ಒಬ್ಬಗ ಇಲ್ಲಂತ. ಮೂರು ಮಂದಿಗೆ ಐತೆಂತ! ಇದು ಯಾವ ಲೆಕ್ಕೋ ನನಗ ತಿಳೀಲಿಲ್ಲ ನೋಡ್ರಿ." ಹೀಗೆಂದು ನಕ್ಕರು. ಸುತ್ತಲಿದ್ದವರೂ ನಕ್ಕರು.

ನಾವು ನಕ್ಕೆವೋ ಇಲ್ಲವೋ ನೆನಪಿಲ್ಲ. ಆ ಲೆಕ್ಕ ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ಹುಡುಗನದು ತಪ್ಪಿಲ್ಲ, ಅವನು ಹೇಳಿದಂತೆ ಮಾಡಿದ. ಯಂತ್ರದ್ದಂತೂ ಇಲ್ಲ. ಅಳಿಯ ನಮ್ಮ ಮೇಲೆ ವಿಶ್ವಾಸವಿಟ್ಟು ಬರೆದುಕೊಟ್ಟದ್ದನ್ನು ತುಂಬಿದ. '3ರಿಂದ 4' ಎಂದು ಬರೆದ ಕೈ ನಮ್ಮದು. ನಮ್ಮ ತಂಗಿಯ ಮದುವೆಯಲ್ಲಿ ಸೊಂಟ ಬಗ್ಗಿಸಿ 560 ಎಲೆ ಹಾಕಿಸಿದವರನ್ನು, ಆಕೆಯ ಮಗನ ಬಾಗಿಲಿನಿಂದ ಹಸಿದು ತಿರುಗಿಸಿದ ಕೈ. ಆ ರಾತ್ರಿ ಮನೆಯವರಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಹೋಗಿ ಹೇಳಿ ಬರ್ರಿ" ಎಂದಷ್ಟೇ ಅಂದರು.

ಮರುದಿನ ಬೆಳಿಗ್ಗೆ ಹೋಗಿ ಹೇಳಿದೆವು. ಪಟ್ಟಿಯನ್ನು ಬಾಯಿಂದ ಒಪ್ಪಿಸಿದೆವು, 1ರಿಂದ 2, 3ರಿಂದ 4 ಎಂದು. ಕಾಕಾ ಗಂಭೀರವಾಗಿ ಕೇಳಿಕೊಂಡರು. ಬೇಸರಪಟ್ಟುಕೊಂಡಂತೆ ಕಾಣಲಿಲ್ಲ. ಒಬ್ಬ ಲೆಕ್ಕಿಗ ಇನ್ನೊಬ್ಬನ ಲೆಕ್ಕ ಕೇಳುವಂತೆ ಕೇಳಿ, "ಕಡೀ ಎರಡು ಎಲಿ ಬಿಡಲಿಲ್ಲ ನೀವು" ಎಂದರು.

ಆಗ ನಾವು 1987ರ ಮಾತನ್ನು ತೆಗೆದು, ಆ ಎರಡು ಜಾಗ ನೀಡುವವರು ತಿರುಗಲಿಕ್ಕೆಂದಲ್ಲವೇ ಎಂದು ಕೇಳಿದೆವು. ಅವರಿಗೆ ಆಶ್ಚರ್ಯವಾಯಿತು. ನೀಡುವವರು ನಡುವೆಯೂ ತಿರುಗಬಲ್ಲರು. ಎಲ್ಲರೂ ಗುಂಪು ಗುಂಪಾಗಿ ಬಂದು, ಜಮಖಾನೆಯ ಮೇಲೆ ವಲ್ಲಿ ಹಾಸಿ, ಬಸ್ಸಿನಲ್ಲಿ ಸೀಟು ಹಿಡಿದಂತೆ ತಮ್ಮವರಿಗೆ ಜಾಗ ಹಿಡಿದು ಕೂಡುತ್ತಾರೆ. ಒಬ್ಬನೇ ಬಂದವನಿಗೆ ಯಾರೂ ಜಾಗ ಹಿಡಿದಿರುವುದಿಲ್ಲ. ಬೇರೆ ಊರಿನವನಿರಬಹುದು, ಬುತ್ತಿ ಗಂಟಿನೊಡನೆ ಬಂದ ಮುದುಕಿಯಿರಬಹುದು, ಕರೆಯದೆ ಬಂದವನೇ ಇರಬಹುದು. ಸಾಲು ತುಂಬಿ ನೀಡಲು ಆರಂಭವಾದ ಮೇಲೆ ಅಂಥವರು ಚಪ್ಪರದ ಕಂಬಕ್ಕೆ ಆತುಕೊಂಡು ನಿಂತಿರುತ್ತಾರೆ. ಆ ಎರಡು ಜಾಗ ಅವರವು. "ಅವರನ್ನ ಕರದು ಕುಂಡ್ರಿಸಿ ಆಮ್ಯಾಲೆ ಎಲಿ ಹಾಕೂದು. ಮೊದಲ ಎಲಿ ಹಾಕಿದ್ರ ಯಾರರೆ ಬಂದು ಕುಂತಬಿಡತಾರು" ಎಂದರು. ಹಾಗಾದರೆ 112 ಎಂದು ನಾವು ಎಣಿಸಿದ್ದು ಒಂದು ಸಲವೂ 112 ಆಗಿರಲಿಲ್ಲ. ಆ ದಿನ ನಿಜವಾಗಿ ಎಷ್ಟು ಎಲೆ ಬಿದ್ದವೆಂಬುದು ನಮಗೆ ಇಂದಿಗೂ ತಿಳಿಯದು.

ಅಳಿಯನನ್ನು ಒಪ್ಪಿಸುವುದು ಇಷ್ಟು ಸುಲಭವಾಗಲಿಲ್ಲ. ಕಾಕಾರ ಸಂಗತಿ ಕೇಳಿ ಕಣ್ಣಲ್ಲಿ ನೀರು ತಂದುಕೊಂಡ, ಅಂದೇ ಸಂಜೆ ಊರಿಗೆ ಬಂದು ಅವರ ಕಾಲಿಗೆ ಬಿದ್ದ. ಆದರೆ ಕನಿಷ್ಠವನ್ನು ತೆಗೆದುಬಿಡು ಎಂದಾಗ, "ಮಾಮಾ, ರವಿವಾರ ಒಬ್ಬೊಬ್ಬರ ಬಂದು ನಾಕ ಮಂದಿ ಟೇಬಲ್ ಹಿಡದ್ರ ನಾ ಬಾಡಿಗಿ ಹೆಂಗ ಕಟ್ಟಲಿ?" ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ಸುಳ್ಳಿರಲಿಲ್ಲ. ಒಂದು ದಿನದ ಕರುಣೆಯಿಂದ ಹೋಟೆಲು ನಡೆಯದು, ಅದರಲ್ಲಿ ಹನ್ನೊಂದು ಮಂದಿಯ ಹೊಟ್ಟೆಪಾಡು ಇದೆ. ಗುರುತಿಲ್ಲದವರನ್ನು ಒಂದೇ ಮೇಜಿಗೆ ಕೂಡಿಸೋಣವೆಂದರೆ, ಈಗಿನ ಕುಟುಂಬದವರು ಅದನ್ನು ಒಪ್ಪುವುದಿಲ್ಲವೆಂದ. ನಾವು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನ ಮಾತು ತೆಗೆದೆವು. 1924ರಲ್ಲಿ ಆರಂಭವಾದ ಆ ಹೋಟೆಲಿನಲ್ಲಿ ಹೆಸರು ಬರೆಸಿ, ಕಾದು, ಕರೆದಾಗ ಒಳಗೆ ಹೋಗಿ, ಗುರುತಿಲ್ಲದವರ ಎದುರಿಗೆ ತೆರವಾದ ಕುರ್ಚಿಯಲ್ಲಿ ಕುಳಿತು ಉಣ್ಣುವುದನ್ನು ದೊಡ್ಡ ದೊಡ್ಡವರೂ ಗೌರವಕ್ಕೆ ಕುಂದೆಂದು ಭಾವಿಸಿಲ್ಲ. "ಅದು ಬೆಂಗಳೂರು, ಮಾಮಾ. ಅವರ ಹೆಸರು ದೊಡ್ಡದು" ಎಂದ. ಅದೂ ನಿಜವೇ.

ಎರಡು ಮೂರು ರವಿವಾರ ಚರ್ಚೆ ನಡೆಯಿತು. ಕೊನೆಗೆ ಒಂದು ವ್ಯವಸ್ಥೆಗೆ ಬಂದೆವು. ಮುಂಗಡವಾಗಿ ಫೋನಿನಲ್ಲಿ ಕಾಯ್ದಿರಿಸುವವರಿಗೆ ಮಾತ್ರ ಕನಿಷ್ಠದ ನಿಯಮ. ಕಾಲಿನಿಂದ ನಡೆದು ಬಾಗಿಲಿಗೆ ಬಂದವರಿಗೆ ಕನಿಷ್ಠವಿಲ್ಲ. ನಾಲ್ವರ ಎರಡು ಮೇಜುಗಳನ್ನು ತೆಗೆದು, ಬಡಿಗೇರರಿಂದ 11 ಅಡಿಯ ಒಂದು ಉದ್ದನೆಯ ಮೇಜು ಮಾಡಿಸಿ ನಡುವೆ ಹಾಕುವುದು. ಅದನ್ನು ಯಾರೂ ಮುಂಗಡವಾಗಿ ಹಿಡಿಯುವಂತಿಲ್ಲ. ಒಬ್ಬರೇ ಬಂದವರು, ಅವಸರದವರು, ಬೇರೆಡೆ ಜಾಗ ಸಿಗದವರು ಅಲ್ಲಿ ಕೂಡುವುದು. ಅಳಿಯ ಒಂದು ಬದಿಗೆ ಆರರಂತೆ ಹನ್ನೆರಡು ಕುರ್ಚಿ ಹಾಕಿಸಿದ. 56ರಲ್ಲಿ 8 ಕಳೆದು 12 ಕೂಡಿಸಿದರೆ 60. ನಾಲ್ಕು ಕುರ್ಚಿ ಹೆಚ್ಚಾದವು ಎಂದು ಅವನ ಮುಖ ಸ್ವಲ್ಪ ಅರಳಿತು. ಮೊದಲ ರವಿವಾರ ಬಂದ ಒಂದು ಕುಟುಂಬದವರು ಆ ಮೇಜನ್ನು ತೋರಿಸಿದಾಗ ಮುಖ ಸಿಂಡರಿಸಿ ಹೊರಟುಹೋದರು. ಔಷಧ ಕಂಪನಿಗಳ ಹುಡುಗರು, ದವಾಖಾನೆಗೆ ಬಂದ ಹಳ್ಳಿಯವರು, ಒಬ್ಬರೇ ಊಟಕ್ಕೆ ಬರಲು ಸಂಕೋಚಪಡುತ್ತಿದ್ದ ಬ್ಯಾಂಕಿನ ಒಬ್ಬ ತಾಯಿ ಮಾತ್ರ ಅದನ್ನೇ ಹುಡುಕಿಕೊಂಡು ಬರತೊಡಗಿದರು.

ಕಾರ್ತೀಕ ಮಾಸದಲ್ಲಿ ಕಾಕಾರ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಮರುಪರೀಕ್ಷೆಗೆ ನಾವೇ ಜೊತೆಗೆ ಹೋಗಿ, ಅಲ್ಲಿಂದ ಹೋಟೆಲಿಗೆ ಕರೆದುಕೊಂಡು ಬಂದೆವು. ಅಳಿಯ ಬಾಗಿಲಿಗೆ ಬಂದು ದುಂಡು ಮೇಜಿನ ಕಡೆ ಕರೆದ. ಕಾಕಾ ಒಪ್ಪಲಿಲ್ಲ. ಕಪ್ಪು ಕನ್ನಡಕದಲ್ಲಿಯೇ ಉದ್ದ ಮೇಜನ್ನು ಒಂದು ಸಲ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಆಮೇಲೆ ಎರಡು ಕುರ್ಚಿಗಳ ನಡುವೆ ಬಗ್ಗಿ, ಮೇಜಿನ ಅಂಚಿಗೆ ಮೊಣಕೈ ಊರಿ ಮೊಳ ಹಾಕಿ, ಅದರ ಮುಂದೆ ಬೆರಳುಗಳನ್ನಿಟ್ಟರು.

"ಮೂರು ಬೆರಳು ಕಡಿಮಿ ಐತಿ ತಮ್ಮಾ."

ನಾವು ಮನಸ್ಸಿನಲ್ಲಿಯೇ ಭಾಗಾಕಾರ ಮಾಡಿದೆವು. 11 ಅಡಿಗೆ ಆರು ಮಂದಿಯೆಂದರೆ ಒಬ್ಬರಿಗೆ 22 ಅಂಗುಲ. ಎರಡು ಅಂಗುಲ ಕಡಿಮೆ. ಮೂರು ಬೆರಳು ಎಂದರೆ ತಪ್ಪಿಲ್ಲ. ಮೇಜು ಹಾಕಿಸುವ ದಿನ ಈ ಲೆಕ್ಕ ನಮಗೆ ತೋರಲೇ ಇಲ್ಲ.

"ಅಜ್ಜಾರ, ಖುರ್ಚಿ ಸಣ್ಣವು ಅದಾವ್ರಿ, ನಡೀತೈತಿ" ಎಂದು ಅಳಿಯ ಸಮಾಧಾನ ಹೇಳಿದ.

"ಖುರ್ಚಿ ಸಣ್ಣವು ಅದಾವು, ಮಂದಿ ಸಣ್ಣವರಿಲ್ಲಲ್ಲೋ" ಎಂದರು ಕಾಕಾ.

ಅಳಿಯ ನಮ್ಮ ಮುಖ ನೋಡಿದ. ನಾವು ಮೇಜಿನ ಕಡೆ ನೋಡಿದೆವು. ಸ್ವಲ್ಪ ಹೊತ್ತು ನಿಂತು, ಬಾಗಿಲಿನ ಹುಡುಗನನ್ನು ಕರೆದು ಆ ಬದಿಗೊಂದು ಈ ಬದಿಗೊಂದು ಕುರ್ಚಿ ತೆಗೆಸಿ ಗೋಡೆಗೆ ಹಚ್ಚಿಸಿದ. ಯಂತ್ರದಲ್ಲಿ ಹನ್ನೆರಡನ್ನು ಅಳಿಸಿ ಹತ್ತು ಎಂದು ತಿದ್ದಿದವನೂ ಅದೇ ಹುಡುಗ. ಅಷ್ಟರಲ್ಲಿ ಕಾಕಾ ಸಾಲಿನ ಕೊನೆಯ ಕುರ್ಚಿಯಲ್ಲಿ ಕುಳಿತು, ಮಗ್ಗುಲಿಗಿದ್ದ ತರುಣನಿಗೆ ಯಾವ ಊರೆಂದು ಕೇಳುತ್ತಿದ್ದರು. ಅವನು ಚಟ್ನಿಯ ಬಟ್ಟಲನ್ನು ಅವರ ಕಡೆ ಸರಿಸಿದ. ರೊಟ್ಟಿ ಬಿಸಿಯಾಗಿ ಬಂತು.